ಮನೆಯೊಳಗಿನ ಕೊಡುಗೆಯ ಧರ್ಮ

ಕೌದಿ ಎಂದರೆ ಉಟ್ಟು ಹಳತಾದ ಸೀರೆ, ಧೋತರ, ಅಂಗಿಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಕೂಡಿಸಿ, ಕೈಸೂಜಿಯಿಂದ ಒತ್ತೊತ್ತಾಗಿ ಹೊಲಿದ ಹೊದಿಕೆ. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ ಮನೆಯವರು ಮನೆಯವರಿಗಾಗಿ ಕೈಯಾರೆ ಮಾಡಿಕೊಡುವ ವಸ್ತುಗಳಲ್ಲಿ ಇದಕ್ಕೆ ಮೊದಲ ಸ್ಥಾನ. ಬಾಣಂತನ ಮುಗಿಸಿ ತವರಿನಿಂದ ಹೊರಡುವ ಮಗಳ ಗಂಟಿನಲ್ಲಿ ತೊಟ್ಟಿಲಿಗೆ ಹಾಸುವ ಸಣ್ಣ ಕೌದಿ ಇರುತ್ತದೆ. ಅದರ ಜೊತೆಗೆ ಕೂಸಿನ ತಲೆಗೆ ಕುಲಾವಿ, ತಲೆಯಿಂದ ಬೆನ್ನ ತನಕ ಇಳಿಬೀಳುವ ಕುಂಚಿಗೆ. ಕುಂಚಿಗೆಯ ಹೊರಮೈಗೆ ಗುಳೇದಗುಡ್ಡದ ಖಣದ ತುಂಡು, ಒಳಮೈಗೆ ತೊಳೆದು ತೊಳೆದು ಮೆತ್ತಗಾದ ಹಳೆ ಬಟ್ಟೆ, ಅಂಚಿಗೆ ಜರಿ, ಮಣಿ, ಸಣ್ಣ ಗೆಜ್ಜೆ, ಕನ್ನಡಿ ಚೂರು. ಗರ್ಭಿಣಿಗೆ ಕುಬಸ ಮಾಡುವಾಗ ಸೀರೆ ಖಣ ಉಡುಗೊರೆಯಾಗಿ ಬರುತ್ತವೆ; ಉಡಿ ತುಂಬುವಾಗ ಅಕ್ಕಿ, ಕೊಬ್ಬರಿಯ ಜೊತೆ ಮತ್ತೆ ಖಣ. ಕಾರಹುಣ್ಣಿಮೆಗೆ ಎತ್ತಿನ ಬೆನ್ನಿಗೆ ಹೊದಿಸುವ ಝೂಲವನ್ನೂ ತುಂಡು ಬಟ್ಟೆ ಕೂಡಿಸಿ ಮನೆಯಲ್ಲೇ ಹೊಲಿಯುವವರಿದ್ದಾರೆ, ಏಕೆಂದರೆ ಒಕ್ಕಲುತನದ ಮನೆಯಲ್ಲಿ ಎತ್ತೂ ಮನೆಯವರಲ್ಲೇ ಒಬ್ಬ. ತಾಂಡಾಗಳ ಲಂಬಾಣಿ ಹೆಂಗಸರು ಕವಡೆ, ಕನ್ನಡಿ, ನಾಣ್ಯ, ಬಣ್ಣದ ದಾರ ಸೇರಿಸಿ ಮದುವಣಗಿತ್ತಿಗಾಗಿ ಮಾಡುವ ಕೆಲಸವೂ ಇದೇ ಸಾಲಿನದು.

ಈ ಕೊಡುಗೆಗಳ ಸುತ್ತ ಒಂದು ಹಳೆಯ ಧಾರ್ಮಿಕ ಪ್ರಶ್ನೆ ಇದೆ. ಬೇಡಿ ಬಂದವನಿಗೆ ಕೊಟ್ಟರೆ ದಾನ, ಗುಡಿಗೆ ಕೊಟ್ಟರೆ ಕಾಣಿಕೆ, ಸತ್ತವರ ಹೆಸರಿನಲ್ಲಿ ಕೊಟ್ಟರೆ ಶ್ರಾದ್ಧದ ಅಂಗ. ಮನೆಯವರಿಗೆ, ಅದೂ ಹಳೆಯ ಬಟ್ಟೆಯಿಂದ, ಪ್ರೀತಿಯಿಂದಲೇ ಮಾಡಿಕೊಟ್ಟದ್ದಕ್ಕೆ ಧರ್ಮದಲ್ಲಿ ಯಾವ ಸ್ಥಾನ? ಅದು ಪುಣ್ಯದ ಕೆಲಸವೇ, ಬರೀ ಕರ್ತವ್ಯವೇ, ಋಣ ತೀರಿಸುವ ಬಗೆಯೇ, ಇಲ್ಲವೇ ಬಿಡಬೇಕಾದ ಮೋಹದ ಇನ್ನೊಂದು ರೂಪವೇ? ಭಾರತದ ಧರ್ಮಚಿಂತನೆ ಈ ನಾಲ್ಕಕ್ಕೂ ‘ಹೌದು’ ಎಂದಿದೆ, ಬೇರೆ ಬೇರೆ ಕಡೆ, ಬೇರೆ ಬೇರೆ ಕಾರಣ ಕೊಟ್ಟು.

ಶಾಸ್ತ್ರದ ವ್ಯಾಖ್ಯೆ ಬಹಳ ಬಿಗಿಯಾದದ್ದು. ಮೀಮಾಂಸಕರ ಪ್ರಕಾರ ದಾನದಲ್ಲಿ ಎರಡು ಸಂಗತಿ ನಡೆಯಬೇಕು: ಕೊಡುವವನ ಒಡೆತನ ಪೂರ್ತಿ ಅಳಿಯಬೇಕು, ಪಡೆಯುವವನ ಒಡೆತನ ಹುಟ್ಟಬೇಕು. ತನ್ನದಲ್ಲದ್ದನ್ನು ಯಾರೂ ಕೊಡಲಾರರು. ಸರ್ವಸ್ವವನ್ನೂ ಕೊಡಬೇಕಾದ ವಿಶ್ವಜಿತ್ ಯಾಗದಲ್ಲಿ ತಂದೆತಾಯಿಯನ್ನೂ ಕೊಡಬೇಕೇ ಎಂಬ ಪ್ರಶ್ನೆಯನ್ನು ಜೈಮಿನಿಯ ಸೂತ್ರಗಳು ಎತ್ತಿಕೊಂಡು, ಕೊಡಬೇಕಿಲ್ಲ ಎಂದು ತೀರ್ಮಾನಿಸುತ್ತವೆ. ನಂಟು ಒಡೆತನವಲ್ಲ ಎಂಬುದೇ ಅಲ್ಲಿಯ ಕಾರಣ. ದೇವಲನ ಹೆಸರಿನಲ್ಲಿ ನಿಬಂಧಕಾರರು ಉದ್ಧರಿಸುವ ವಚನಗಳು ದಾನಕ್ಕೆ ಆರು ಅಂಗಗಳನ್ನು ಹೇಳುತ್ತವೆ: ಕೊಡುವವ, ಪಡೆಯುವವ, ಶ್ರದ್ಧೆ, ಧರ್ಮದಿಂದ ಗಳಿಸಿದ ವಸ್ತು, ದೇಶ, ಕಾಲ. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯ ಇದಕ್ಕೆ ಮನಸ್ಸಿನ ಅಳತೆಗೋಲನ್ನು ಸೇರಿಸಿತು: ತಿರುಗಿ ಉಪಕಾರ ಮಾಡಲಾರದವನಿಗೆ, ಕೊಡಬೇಕೆಂಬ ಒಂದೇ ಭಾವದಿಂದ ಕೊಟ್ಟದ್ದು ಸಾತ್ವಿಕ, ಪ್ರತಿಫಲದ ಕಣ್ಣಿಟ್ಟು ಕೊಟ್ಟದ್ದು ರಾಜಸ.

ಬಟ್ಟೆಯ ವಿಷಯಕ್ಕೆ ಬಂದರೆ ನಿಯಮ ಇನ್ನೂ ಸ್ಪಷ್ಟ. ಕರ್ಮಕ್ಕೆ ತಕ್ಕ ವಸ್ತ್ರವನ್ನು ‘ಅಹತ’ ಎನ್ನುತ್ತಾರೆ: ಹೊಸದು, ಬಿಳಿಯದು, ಅಂಚುಳ್ಳದ್ದು, ಯಾರೂ ಉಡದೇ ಇದ್ದದ್ದು. ವಸ್ತ್ರದಾನದ ಬಗ್ಗೆ ವಿಸ್ತಾರವಾಗಿ ಬರೆದ ಹೇಮಾದ್ರಿ 13ನೇ ಶತಮಾನದಲ್ಲಿ ದೇವಗಿರಿಯ ಸೇವುಣರ ಆಸ್ಥಾನದಲ್ಲಿದ್ದವನು. ಕೃಷ್ಣೆ-ಘಟಪ್ರಭೆಗಳ ನಡುವಿನ ಈ ಸೀಮೆಯೂ ಆಗ ಅದೇ ಅರಸರ ಆಳ್ವಿಕೆಯಲ್ಲಿತ್ತು. ದೇವಿಗೆ ಉಡಿ ತುಂಬುವಾಗ ಮಡಿಕೆ ಬಿಚ್ಚದ ಖಣವನ್ನೇ ಇಡುವ ಇಲ್ಲಿಯ ರೂಢಿ ಆ ನಿಯಮಕ್ಕೆ ಹತ್ತಿರದ್ದು. ನೇಕಾರರ ಊರುಗಳಾದ ರಬಕವಿ, ಬನಹಟ್ಟಿಗಳಲ್ಲಿ ಮಗ್ಗದಿಂದ ಈಗಷ್ಟೇ ಇಳಿದ ಬಟ್ಟೆಗೆ ಕೊರತೆಯೂ ಇಲ್ಲ.

ಈ ಎಲ್ಲ ಅಳತೆಯಲ್ಲೂ ಕೌದಿ ಸೋಲುತ್ತದೆ. ಅದರ ಬಟ್ಟೆ ಅಹತವಲ್ಲ. ಉಟ್ಟದ್ದು, ಬೆವರು ಕಂಡದ್ದು, ನೂರಾರು ಸಲ ಒಗೆತಕ್ಕೆ ಬಿದ್ದದ್ದು. ಪಡೆಯುವವರು ತಿರುಗಿ ಉಪಕಾರ ಮಾಡಲಾರದ ಪರರಲ್ಲ. ಮುಪ್ಪಿನಲ್ಲಿ ನೋಡಿಕೊಳ್ಳಬೇಕಾದ ಮಕ್ಕಳು, ಮೊಮ್ಮಕ್ಕಳು. ಒಡೆತನ ಅಳಿಯುವುದಂತೂ ಇನ್ನೂ ದೂರದ ಮಾತು. ಅವ್ವನ ಇಳಕಲ್ ಸೀರೆಯ ದಡಿ, ಅಪ್ಪನ ಧೋತರ, ತೀರಿಹೋದ ಅಜ್ಜಿಯ ಕುಬಸದ ತುಂಡು ಒಂದೇ ಕೌದಿಯಲ್ಲಿ ಸೇರಿದಾಗ ಅದು ಕೊಟ್ಟವರದೋ ಪಡೆದವರದೋ ಎಂದು ಹೇಳುವುದೇ ಕಷ್ಟ. ಯಾರದು ಯಾವ ತುಂಡು ಎಂದು ಗುರುತು ಹಿಡಿಯುವುದು ಕೌದಿ ಹೊದ್ದ ಮಕ್ಕಳಿಗೆ ಒಂದು ಆಟ. ಆ ಆಟ ನಡೆಯುವ ತನಕ ಕೊಟ್ಟವರು ಆ ವಸ್ತುವಿನಿಂದ ಹೊರಗೆ ಹೋಗಿರುವುದಿಲ್ಲ.

ಹಾಗಾದರೆ ಶಾಸ್ತ್ರಕಾರರು ಮನೆಯವರನ್ನು ಮರೆತರೆ? ಮರೆತಿಲ್ಲ. ಕುಟುಂಬಕ್ಕೆ ಅಡ್ಡಿಯಾಗದಂತೆ ಉಳಿದದ್ದನ್ನಷ್ಟೇ ಹೊರಗೆ ಕೊಡಬೇಕೆಂದು ಯಾಜ್ಞವಲ್ಕ್ಯಸ್ಮೃತಿ ಹೇಳುತ್ತದೆ. ತನ್ನವರು ದುಃಖದಲ್ಲಿರುವಾಗ ಪರರಿಗೆ ಕೊಡುವವನ ಧರ್ಮ ಧರ್ಮದ ಸೋಗು ಮಾತ್ರ ಎಂದು ಮನು ಕಟುವಾಗಿಯೇ ನುಡಿದಿದ್ದಾನೆ. ಅಂದರೆ ಮನೆಯವರನ್ನು ಸಲಹುವುದು ದಾನಕ್ಕಿಂತ ಮೊದಲಿನ ಹೊಣೆ. ಮೊದಲಿನದಾದ್ದರಿಂದಲೇ ಅದಕ್ಕೆ ದಾನದ ಪುಣ್ಯವಿಲ್ಲ. ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಕನ್ನಡ ನಾಡಿನವನೇ, 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಕಲ್ಯಾಣದವನು. ತಂದೆ, ತಾಯಿ, ಗಂಡ, ಅಣ್ಣತಮ್ಮಂದಿರು ಹೆಣ್ಣಿಗೆ ಕೊಟ್ಟದ್ದೆಲ್ಲ ಸ್ತ್ರೀಧನ ಎಂಬ ಮೂಲದ ಮಾತನ್ನು ಅವನು ಹಿಗ್ಗಿಸಿದ. ಪಿತ್ರಾರ್ಜಿತವಾಗಿ, ಕ್ರಯವಾಗಿ, ಇನ್ನಾವ ನ್ಯಾಯವಾದ ದಾರಿಯಿಂದ ಬಂದರೂ ಅದು ಅವಳದೇ ಎಂದ. ಮನೆಯೊಳಗೆ ಪ್ರೀತಿಯಿಂದ ಕೈ ಬದಲಿಸುವ ವಸ್ತುವಿಗೂ ಗಟ್ಟಿಯಾದ ಹಕ್ಕಿನ ನೆಲೆ ಇದೆ ಎಂದು ಒಪ್ಪಿದ ಈ ನಿಲುವು ನಿಜಕ್ಕೂ ದೊಡ್ಡದು. ಆದರೂ ಅದು ಹಕ್ಕಿನ ಮಾತು. ಕೊಡುಗೆಯ ಒಳಗಿನ ಭಾವ ಏನು, ಅದಕ್ಕೆ ಮೋಕ್ಷದ ದಾರಿಯಲ್ಲಿ ಏನಾದರೂ ಬೆಲೆ ಇದೆಯೇ ಎಂಬುದಕ್ಕೆ ನ್ಯಾಯಶಾಸ್ತ್ರದಲ್ಲಿ ಉತ್ತರ ಸಿಗದು.

ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದ ಹಳೆಯ ಪ್ರಸಂಗ ಪಾಲಿ ತ್ರಿಪಿಟಕದ ಮಜ್ಝಿಮ ನಿಕಾಯದಲ್ಲಿದೆ. ದಕ್ಖಿಣಾವಿಭಂಗ ಸುತ್ತದ ಆರಂಭದಲ್ಲಿ ಮಹಾಪ್ರಜಾಪತಿ ಗೌತಮಿ ಒಂದು ಜೊತೆ ಹೊಸ ಬಟ್ಟೆ ಹಿಡಿದು ಬುದ್ಧನ ಬಳಿ ಬರುತ್ತಾಳೆ. ಅವಳು ಅವನ ತಾಯಿಯ ತಂಗಿ. ಹೆತ್ತ ತಾಯಿ ತೀರಿಕೊಂಡ ಮೇಲೆ ಎದೆಹಾಲು ಕೊಟ್ಟು ಸಾಕಿದವಳು. ಆ ಬಟ್ಟೆಯನ್ನು ಅವನಿಗಾಗಿಯೇ ತಾನೇ ನೂತು, ತಾನೇ ನೇಯ್ದಿದ್ದಳು. ಬುದ್ಧ ಅದನ್ನು ಸಂಘಕ್ಕೆ ಕೊಡು ಎಂದ. ಸಂಘಕ್ಕೆ ಕೊಟ್ಟರೆ ತನ್ನನ್ನೂ ಸಂಘವನ್ನೂ ಸತ್ಕರಿಸಿದಂತೆ ಎಂದ. ಅವಳು ಮೂರು ಸಲ ಕೇಳಿಕೊಂಡಳು, ಮೂರು ಸಲವೂ ಅದೇ ಉತ್ತರ. ಆಗ ಆನಂದ ನಡುವೆ ಬಂದು, ಈಕೆ ನಿಮಗೆ ಮಾಡಿದ ಉಪಕಾರ ದೊಡ್ಡದು ಎಂದು ಹಾಲೂಡಿದ ಋಣವನ್ನು ನೆನಪಿಸಿದ. ಅವಳಿಗೆ ಧರ್ಮದ ದಾರಿ ತೋರಿಸಿ ತಾನೂ ಉಪಕಾರ ಮಾಡಿದ್ದೇನೆ, ಅಂಥ ಉಪಕಾರ ಬಟ್ಟೆ, ಅನ್ನ, ಔಷಧಿ ಕೊಟ್ಟು ತೀರುವಂಥದ್ದಲ್ಲ ಎಂಬ ಅರ್ಥದ ಉತ್ತರ ಬುದ್ಧನಿಂದ ಬಂತು. ಆಮೇಲೆ ಅವನು ವ್ಯಕ್ತಿಗೆ ಕೊಡುವ ದಾನದಲ್ಲಿ ಹದಿನಾಲ್ಕು ಬಗೆ, ಸಂಘಕ್ಕೆ ಕೊಡುವ ದಾನದಲ್ಲಿ ಏಳು ಬಗೆ ಎಣಿಸಿ, ವ್ಯಕ್ತಿಗೆ ಕೊಟ್ಟದ್ದು ಎಂದೂ ಸಂಘಕ್ಕೆ ಕೊಟ್ಟದ್ದಕ್ಕಿಂತ ಮಿಗಿಲಾಗದು ಎಂದು ಮುಗಿಸುತ್ತಾನೆ.

ಈ ಪ್ರಸಂಗವನ್ನು ಓದಿದವರಿಗೆ ಗೌತಮಿಯ ಪರವಾಗಿ ಮನಸ್ಸು ತುಯ್ಯದೆ ಇರದು. ಆದರೆ ಬುದ್ಧ ಅವಳ ಕೈಕೆಲಸವನ್ನು ಕೀಳೆಂದಿಲ್ಲ, ಬೇಡವೆಂದೂ ಹೇಳಿಲ್ಲ. ಒಬ್ಬನಿಗೆಂದು ನೇಯ್ದದ್ದು ಎಲ್ಲರಿಗೂ ಸಲ್ಲಲಿ ಎಂದ. ತಾಯಿಯ ಪ್ರೀತಿ ಅಳಿಯಬೇಕಾಗಿಲ್ಲ, ಅದರ ಗುರಿ ಹಿಗ್ಗಬೇಕು. ಸನ್ಯಾಸಕ್ಕೆ ಇದು ಸರಿಯಾದ ಉತ್ತರ. ಗೃಹಸ್ಥರಿಗೆ ಇದರಿಂದ ಅರ್ಧ ಉತ್ತರ ಮಾತ್ರ ಸಿಗುತ್ತದೆ: ತೊಟ್ಟಿಲಲ್ಲಿ ಮಲಗಿದ ಕೂಸಿಗೆ ಈ ರಾತ್ರಿ ಹೊದಿಕೆ ಬೇಕು, ಆ ಹೊದಿಕೆಯನ್ನು ಊರಿಗೆಲ್ಲ ಹಂಚಲಾಗದು. ಬೌದ್ಧ ವಿನಯ ಗ್ರಂಥಗಳಲ್ಲಿ ಇದರ ಇನ್ನೊಂದು ಬದಿಯೂ ಇದೆ. ಭಿಕ್ಷುವಿನ ಚೀವರ ತುಂಡು ಬಟ್ಟೆಗಳಿಂದಲೇ ಹೊಲಿದದ್ದು; ಮಗಧದ ಹೊಲಗಳ ಬದುಗಳನ್ನು ನೋಡಿ ಅದೇ ಮಾದರಿಯಲ್ಲಿ ತುಂಡುಗಳನ್ನು ಜೋಡಿಸುವಂತೆ ಬುದ್ಧ ಆನಂದನಿಗೆ ಹೇಳಿದನೆಂದು ಮಹಾವಗ್ಗ ತಿಳಿಸುತ್ತದೆ. ಬಿಸಾಡಿದ ಚಿಂದಿಯನ್ನು ಆಯ್ದು ಉಡುವುದು ಅಲ್ಲಿ ವೈರಾಗ್ಯದ ಗುರುತು. ಕೌದಿಯಲ್ಲಿಯೂ ಅದೇ ಚಿಂದಿ, ಅದೇ ಸೂಜಿ. ಆದರೆ ಅಲ್ಲಿ ಚಿಂದಿಗೆ ಒಡೆಯರಿಲ್ಲ, ಇಲ್ಲಿ ಪ್ರತಿ ಚಿಂದಿಗೂ ಒಬ್ಬರ ಹೆಸರಿದೆ.

ಜೈನ ಧರ್ಮ ಇನ್ನೊಂದು ತುದಿಯಲ್ಲಿ ನಿಲ್ಲುತ್ತದೆ. ಅದು ಹೇಳುವ ಚತುರ್ವಿಧ ದಾನ ಆಹಾರ, ಅಭಯ, ಔಷಧ, ಶಾಸ್ತ್ರ; ವಸ್ತ್ರಕ್ಕೆ ಅಲ್ಲಿ ಸ್ಥಾನವಿಲ್ಲ. ದಿಗಂಬರ ಮುನಿಗೆ ಬಟ್ಟೆ ಕೊಡುವುದೆಂದರೆ ಅವನು ಬಿಟ್ಟ ಪರಿಗ್ರಹವನ್ನು ಮತ್ತೆ ಹೊರಿಸಿದಂತೆ. ಆದರೂ ಮನೆತನದ ಕೊಡುಗೆ ಮತ್ತು ಧರ್ಮದಾನ ಹೇಗೆ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ ಎಂಬುದಕ್ಕೆ ಮುಧೋಳದ ಮಗನೇ ಸಾಕ್ಷಿ. ಅಲ್ಲಿಯ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನಿಗೆ ಚಾವುಂಡರಾಯ ಮತ್ತು ಅತ್ತಿಮಬ್ಬೆ ಆಶ್ರಯ ಕೊಟ್ಟರು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ ಅತ್ತಿಮಬ್ಬೆ ದಾನಚಿಂತಾಮಣಿ ಎನಿಸಿಕೊಂಡವಳು; ರನ್ನ 993ರಲ್ಲಿ ಅಜಿತಪುರಾಣವನ್ನು ಮುಗಿಸಿದ್ದು ಅವಳ ಆಶ್ರಯದಲ್ಲಿ. ಆ ಉಪಕಾರಕ್ಕೆ ಕವಿ ಮನೆಯೊಳಗೆ ಕೊಟ್ಟ ಉತ್ತರ ಹೆಸರಿನ ರೂಪದ್ದು: ಮಗನಿಗೆ ರಾಯ ಎಂದೂ ಮಗಳಿಗೆ ಅತ್ತಿಮಬ್ಬೆ ಎಂದೂ ಹೆಸರಿಟ್ಟ. ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಟ್ಟು, ಅದೇ ಅಜ್ಜಿಯ ಸೀರೆಯ ಕೌದಿಯನ್ನು ತೊಟ್ಟಿಲಿಗೆ ಹಾಸುವ ಮನೆಗಳಿಗೆ ಇದು ಅಪರಿಚಿತವಾದ ನಡೆಯಲ್ಲ.

ದಾನ ಎಂಬ ಕಲ್ಪನೆಯನ್ನೇ ಬುಡದಿಂದ ಪ್ರಶ್ನಿಸಿದವರು 12ನೇ ಶತಮಾನದ ಶರಣರು. ಕೊಟ್ಟೆನೆಂಬ ಅರಿವು ಇದ್ದಲ್ಲಿ ಕೊಟ್ಟವನು ಮೇಲಾಗುತ್ತಾನೆ, ಪಡೆದವನು ಕೆಳಗಾಗುತ್ತಾನೆ. ಆದ್ದರಿಂದ ಅವರು ಹಿಡಿದದ್ದು ದಾಸೋಹ. ಅಲ್ಲಿ ಕೊಡುವವನೇ ದಾಸ, ಪಡೆಯುವವನು ಲಿಂಗದ ಸಮಾನ, ಕೊಡುವ ವಸ್ತು ಸ್ವಂತ ಕಾಯಕದಿಂದ ಬಂದದ್ದು. ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಬಿದ್ದಲ್ಲಿಯೇ ಸುರಿದು ಬಾ ಎಂದು ಹೆಂಡತಿ ಲಕ್ಕಮ್ಮ ಹಿಂದಕ್ಕೆ ಕಳಿಸಿದ ಕಥೆ ಈ ನಾಡಿನ ಮನೆಮನೆಗೂ ಗೊತ್ತು. ನೂಲು ತೆಗೆಯುವ ಕಾಯಕದ ಕದಿರ ರೆಮ್ಮವ್ವೆ ಆ ಬಳಗದ ವಚನಕಾರ್ತಿ. ಮಠದ ಬಾಗಿಲಿನಲ್ಲಿ ನಡೆಯುವ ದಾಸೋಹವನ್ನೇ ಹಲವರು ಬಲ್ಲರು. ಹಟ್ಟಿಯಲ್ಲಿ ಕುಳಿತು ಸೂಜಿ ಹಿಡಿದವಳ ಕೈಗೂ ಆ ಮಾತು ಸಲ್ಲಬೇಕು, ಏಕೆಂದರೆ ಕಾಯಕ, ಮಿತಿ, ಕೆಳಗೆ ಕೂತು ಕೊಡುವ ಭಾವ ಮೂರೂ ಅಲ್ಲಿ ಇವೆ.

ಬಟ್ಟೆಯ ಕೊಡುಗೆಯ ಬಗ್ಗೆ ಶರಣ ಪರಂಪರೆಯ ಅತ್ಯಂತ ತೀಕ್ಷ್ಣವಾದ ಕಥೆ ನೇಕಾರನದೇ. ಬಸವಣ್ಣನಿಗಿಂತ ಮೊದಲಿದ್ದ ಜೇಡರ ದಾಸಿಮಯ್ಯ ಮುದನೂರಿನವನು, ಮಗ್ಗದ ಕಾಯಕದವನು. ಬಸವಪುರಾಣದ ಪರಂಪರೆಯ ಕಥೆಯಲ್ಲಿ ಅವನು ಬಹುಕಾಲ ಶ್ರಮಪಟ್ಟು ಒಂದು ಅಪರೂಪದ ವಸ್ತ್ರವನ್ನು ನೇಯುತ್ತಾನೆ. ಮಾರಲು ಹೊರಟಾಗ ಮುದುಕ ಜಂಗಮನೊಬ್ಬ ಎದುರಾಗಿ ಅದನ್ನು ಬೇಡುತ್ತಾನೆ. ದಾಸಿಮಯ್ಯ ಕೊಡುತ್ತಾನೆ. ಜಂಗಮ ಅವನ ಕಣ್ಣೆದುರಿಗೇ ಆ ಬಟ್ಟೆಯನ್ನು ಹರಿದು ತುಂಡು ತುಂಡು ಮಾಡುತ್ತಾನೆ. ದಾಸಿಮಯ್ಯನ ಮುಖದಲ್ಲಿ ಸಿಟ್ಟೂ ಇಲ್ಲ, ನೋವೂ ಇಲ್ಲ. ಜಂಗಮನ ರೂಪದಲ್ಲಿ ಬಂದಿದ್ದ ಶಿವ ಮೆಚ್ಚಿ, ತೆಗೆದಷ್ಟೂ ತೀರದ ತವನಿಧಿಯನ್ನು ಕೊಡುತ್ತಾನೆ. ಪರೀಕ್ಷೆ ಇದ್ದದ್ದು ಬಟ್ಟೆ ಕೊಡುವಲ್ಲಿ ಅಲ್ಲ, ಕೊಟ್ಟ ಮೇಲೆ. ಕೈಯಿಂದ ಮಾಡಿದ ವಸ್ತುವನ್ನು ಕೊಟ್ಟವರು ಅದನ್ನು ಪಡೆದವರು ಹೇಗೆ ಬಳಸುತ್ತಾರೆಂದು ನೋಡುತ್ತಲೇ ಇರುತ್ತಾರೆ. ದುಡ್ಡು ಕೊಟ್ಟು ತಂದದ್ದು ಹರಿದರೆ ದುಡ್ಡು ಹೋಯಿತು ಎನ್ನಿಸುತ್ತದೆ. ತಾನು ಹೊಲಿದದ್ದು ಹರಿದರೆ ತನ್ನನ್ನೇ ಅಲಕ್ಷ್ಯ ಮಾಡಿದರು ಎನ್ನಿಸುತ್ತದೆ. ಸೊಸೆ ಕೌದಿಯನ್ನು ಅಂಗಳದಲ್ಲಿ ಕಾಳು ಒಣಗಿಸಲು ಹಾಸಿದಳೆಂದು ಮುನಿಸಿಕೊಳ್ಳುವ ಅತ್ತೆಯ ಮೋಹ ಇದೇ. ದಾಸಿಮಯ್ಯನ ಕಥೆ ಕೈಕೆಲಸದವರ ಈ ಒಳಗಿನ ಒಡೆತನದ ಮೇಲೆ ಕೈ ಇಡುತ್ತದೆ, ಮತ್ತು ಅದನ್ನು ಬಿಡುವುದು ಬಟ್ಟೆ ಬಿಡುವುದಕ್ಕಿಂತ ಕಷ್ಟ ಎಂದು ಬಲ್ಲದು.

ಇಲ್ಲಿ ಎರಡು ಸಂಗತಿಗಳನ್ನು ಬಿಡಿಸಿ ನೋಡಬೇಕು. ಕೊಟ್ಟವರ ಒಡೆತನ ವಸ್ತುವಿನಲ್ಲಿ ಉಳಿಯುವುದು ಒಂದು. ಕೊಟ್ಟವರ ಇರವು ಅದರಲ್ಲಿ ಉಳಿಯುವುದು ಇನ್ನೊಂದು. ಮೀಮಾಂಸೆಯ ವ್ಯಾಖ್ಯೆ ಮೊದಲನೆಯದನ್ನು ಅಳಿಸು ಎನ್ನುತ್ತದೆ, ಅದು ಸರಿ. ಎರಡನೆಯದನ್ನು ಅಳಿಸು ಎಂದು ಅದು ಹೇಳಿಯೇ ಇಲ್ಲ. ಕೌದಿಯ ಧರ್ಮಸೂಕ್ಷ್ಮ ಇರುವುದು ಇಲ್ಲಿ: ಹೀಗೆ ಬಳಸು, ಹಾಗೆ ಇಡು ಎಂಬ ಅಧಿಕಾರವನ್ನು ಬಿಟ್ಟು, ಬರೀ ಬೆಚ್ಚಗೆ ಇರುವಷ್ಟಕ್ಕೆ ತಾನು ಉಳಿದುಕೊಳ್ಳುವುದು.

ಬಳಸಿದ ವಸ್ತುವಿನಲ್ಲಿ ಬಳಸಿದವರು ಉಳಿಯುತ್ತಾರೆ ಎಂಬ ನಂಬಿಕೆ ಭಕ್ತಿಪರಂಪರೆಗಳಿಗೆ ಹೊಸದಲ್ಲ. ವೀರಶೈವದ ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಎಂಜಲು ಎನಿಸಬಹುದಾದದ್ದು ಅಲ್ಲಿ ಅನುಗ್ರಹವಾಗುತ್ತದೆ. ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಉದ್ಧವ ಕೃಷ್ಣನಿಗೆ, ನೀನು ತೊಟ್ಟುಬಿಟ್ಟ ಹೂಮಾಲೆ, ಗಂಧ, ಬಟ್ಟೆ, ಆಭರಣಗಳಿಂದ ಅಲಂಕರಿಸಿಕೊಂಡು ನಾವು ಮಾಯೆಯನ್ನು ಗೆಲ್ಲುತ್ತೇವೆ ಎಂಬರ್ಥದ ಮಾತು ಹೇಳುತ್ತಾನೆ. ಸೂಫಿಗಳಲ್ಲಿ ಗುರು ಶಿಷ್ಯನಿಗೆ ಖಿರ್ಕಾ ಎಂಬ ನಿಲುವಂಗಿಯನ್ನು ತೊಡಿಸುತ್ತಾನೆ. ಗುರುವೇ ತೊಟ್ಟದ್ದಾದರೆ ಅದರ ಬೆಲೆ ಹೆಚ್ಚು, ತೇಪೆ ಬಿದ್ದದ್ದಾದರೆ ಇನ್ನೂ ಹೆಚ್ಚು. ಈ ನಾಲ್ಕೂ ತಾಲ್ಲೂಕುಗಳ ಸೀಮೆ ಒಂದು ಕಾಲಕ್ಕೆ ಬಿಜಾಪುರದ ಆದಿಲಶಾಹಿಯ ಕೈಕೆಳಗಿತ್ತು. ಆ ಕಾಲದ ಬಿಜಾಪುರದ ಸೂಫಿ ಪರಂಪರೆಯಿಂದ ದಖನಿಯಲ್ಲಿ ಚಕ್ಕೀನಾಮಾ, ಚರಖಾನಾಮಾ ಎಂಬ ಹಾಡುಗಳು ಹುಟ್ಟಿದವು. ಬೀಸುವಾಗ, ನೂಲುವಾಗ ಹೆಂಗಸರು ಹಾಡಿಕೊಳ್ಳುತ್ತಿದ್ದ ಅವುಗಳಲ್ಲಿ ರಾಟಿಯ ತಿರುಗುವಿಕೆಗೆ ದೇವರ ನಾಮಸ್ಮರಣೆಯ ಲಯ ಕೂಡಿಕೊಳ್ಳುತ್ತದೆ. ಮನೆಗೆಲಸವನ್ನು ಬಿಟ್ಟು ಧ್ಯಾನ ಮಾಡಬೇಕಿಲ್ಲ ಎಂಬ ಈ ನಿಲುವು ಶರಣರ ಕಾಯಕಕ್ಕೆ ದೂರದ್ದಲ್ಲ.

ಕೂಸಿಗೆ ಮೊದಲು ಹಳೆಯ ಬಟ್ಟೆಯನ್ನೇ ಸುತ್ತುವ ರೂಢಿಯನ್ನು ಈ ಬೆಳಕಿನಲ್ಲಿ ನೋಡಬಹುದು. ಕಾರಣ ಎರಡೂ ಕಡೆಯದು. ಹೊಸ ಹತ್ತಿ ಬಟ್ಟೆಗೆ ಗಂಜಿಯ ಬಿರುಸು ಇರುತ್ತದೆ; ಒಗೆತಕ್ಕೆ ಬಿದ್ದು ಬಿದ್ದು ನೂಲು ಸಡಿಲಾದ ಮೇಲೆಯೇ ಅದು ಎಳೆ ಚರ್ಮಕ್ಕೆ ಹಿತ. ಹೊಸ ಬಟ್ಟೆಗೆ ದೃಷ್ಟಿ ತಾಗುತ್ತದೆ, ಹಿರಿಯರು ಉಟ್ಟದ್ದು ಕಾಯುತ್ತದೆ ಎಂಬ ನಂಬಿಕೆ ಅದರ ಜೊತೆಗಿದೆ. ದೇವರಿಗೆ ಅಹತ, ಕೂಸಿಗೆ ಹಳತು: ಒಂದೇ ಮನೆಯ ಒಂದೇ ಪೆಟ್ಟಿಗೆಯಿಂದ ಎರಡೂ ಹೊರಬರುತ್ತವೆ, ಯಾರಿಗೂ ಇದರಲ್ಲಿ ವಿರೋಧ ಕಾಣಿಸಿಲ್ಲ. ಗೀತೆಯ ಎರಡನೆಯ ಅಧ್ಯಾಯ ಜೀರ್ಣವಾದ ಬಟ್ಟೆಯನ್ನು ಬಿಟ್ಟು ಹೊಸದನ್ನು ತೊಡುವುದನ್ನು ಆತ್ಮದ ದೇಹಾಂತರಕ್ಕೆ ಹೋಲಿಸುತ್ತದೆ. ಕೌದಿಯ ಲೋಕದಲ್ಲಿ ಬಿಟ್ಟ ಬಟ್ಟೆ ಅಲ್ಲಿಗೇ ಮುಗಿಯುವುದಿಲ್ಲ. ಬೇರೆಯವರ ಬಿಟ್ಟ ಬಟ್ಟೆಯೊಂದಿಗೆ ಕೂಡಿ ಮೂರನೆಯವರ ಮೈಮೇಲೆ ಬರುತ್ತದೆ. ಆತ್ಮದ ನಿತ್ಯತೆಯ ಬಗ್ಗೆ ಗೀತೆ ಹೇಳಿದ್ದಕ್ಕೆ ಇದರಿಂದ ಬಾಧೆಯಿಲ್ಲ. ಬಿಟ್ಟದ್ದರ ಬಗ್ಗೆ ಏನು ಮಾಡಬೇಕೆಂದು ಗೀತೆ ಅಲ್ಲಿ ಹೇಳುವುದಿಲ್ಲ, ಹೆಂಗಸರು ಹೇಳಿದ್ದಾರೆ.

ತಿರುಗಿ ಬರುವುದರ ಪ್ರಶ್ನೆ ಇನ್ನೂ ಉಳಿದಿದೆ. ಫ್ರಾನ್ಸಿನ ಮಾರ್ಸೆಲ್ ಮಾಸ್ 1925ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಜಗತ್ತಿನ ಯಾವ ಸಮಾಜದಲ್ಲೂ ಕೊಡುಗೆ ಬಿಟ್ಟಿಯಲ್ಲ, ಕೊಡುವುದು, ಪಡೆಯುವುದು, ಹಿಂದಿರುಗಿಸುವುದು ಮೂರೂ ಕಡ್ಡಾಯ ಎಂದು ವಾದಿಸಿದ; ಆ ವಾದಕ್ಕೆ ಮಹಾಭಾರತದ ದಾನಧರ್ಮದ ಭಾಗಗಳನ್ನೂ ಬಳಸಿಕೊಂಡ. ಮದುವೆಯ ಆಯೇರಿ ಕಂಡವರಿಗೆ ಈ ಮಾತು ಹೊಸದೆನಿಸದು. ಯಾರ ಮನೆಯಿಂದ ಎಂಥ ಸೀರೆ, ಎಂಥ ಖಣ, ಎಷ್ಟು ರೂಪಾಯಿ ಬಂತು ಎಂದು ವಹಿಯಲ್ಲಿ ಬರೆದಿಟ್ಟು, ಅವರ ಮನೆಯ ಮದುವೆಗೆ ಅದಕ್ಕೆ ಕಡಿಮೆಯಾಗದಂತೆ ಮುಯ್ಯಿ ಮುಟ್ಟಿಸುವುದು ಮರ್ಯಾದೆ. ದೇವಲ ವಚನಗಳು ದಾನದ ಹಿಂದಿನ ಪ್ರೇರಣೆಗಳನ್ನು ಧರ್ಮ, ಅರ್ಥ, ಕಾಮ, ನಾಚಿಕೆ, ಹರ್ಷ, ಭಯ ಎಂದು ಆರಾಗಿ ವಿಂಗಡಿಸುತ್ತವೆ. ಆಯೇರಿಯ ಬಹುಪಾಲು ನಾಚಿಕೆಯ ಖಾತೆಗೆ ಸೇರುವಂಥದ್ದು, ನಾಲ್ಕು ಜನರ ಎದುರು ಕೊಡದೆ ಇರಲಾರದ್ದು. ಕೂಸು ಹುಟ್ಟಿದ ಸುದ್ದಿ ಕೇಳಿ ಹೊಲಿಯಲು ಕೂತದ್ದು ಹರ್ಷದ್ದು. ಕೌದಿಯನ್ನು ಯಾರೂ ವಹಿಯಲ್ಲಿ ಬರೆಯುವುದಿಲ್ಲ. ಅದರ ಬಟ್ಟೆಗೆ ಪೇಟೆಯಲ್ಲಿ ಬೆಲೆಯಿಲ್ಲ, ಹೊಲಿದ ಹೊತ್ತನ್ನು ಲೆಕ್ಕ ಹಾಕಿದವರಿಲ್ಲ. ಬೆಲೆ ಗೊತ್ತಿಲ್ಲದ್ದಕ್ಕೆ ಸರಿಸಾಟಿ ಹಿಂದಿರುಗಿಸುವುದು ಆಗದ ಮಾತು. ಹಿಂದಿರುಗುವುದೇನಿದ್ದರೂ ಮುಂದಿನ ತಲೆಮಾರಿಗೆ. ತಾಯಿಯಿಂದ ಪಡೆದವಳು ತಾಯಿಗೆ ತೀರಿಸದೆ ಮಗಳಿಗೆ ಹೊಲಿಯುತ್ತಾಳೆ. ವೈದಿಕ ಪರಂಪರೆ ಪಿತೃಋಣದ ಬಗ್ಗೆ ಹೇಳುವುದೂ ಹೀಗೆಯೇ: ಹೆತ್ತವರ ಋಣ ತೀರುವುದು ಸಂತಾನದ ಮೂಲಕ. ಗೀತೆಯ ಸಾತ್ವಿಕ ದಾನದ ಅಳತೆಯನ್ನು ಹಚ್ಚಿ ನೋಡಿದರೂ ತೊಟ್ಟಿಲ ಕೂಸು ತಿರುಗಿ ಉಪಕಾರ ಮಾಡಲಾರದ ಪಾತ್ರವೇ. ಅದು ಬೆಳೆದು ಕೊಡುವ ಹೊತ್ತಿಗೆ ಹೊಲಿದ ಅಜ್ಜಿ ಇರುವುದು ಅಪರೂಪ.

ಕೌದಿಯನ್ನು ಮನೆಯವರೇ ಹೊಲಿಯುತ್ತಾರೆಂದೇನೂ ಇಲ್ಲ. ಗೊಂದಲಿಗರ ಹೆಂಗಸರು ಊರೂರು ತಿರುಗಿ, ಮನೆಯವರು ಕೊಟ್ಟ ಹಳೆ ಬಟ್ಟೆಯಿಂದ ಕೌದಿ ಹೊಲಿದು, ಜೋಳ ಅಥವಾ ಹಣ ಪಡೆಯುವ ರೂಢಿ ಉತ್ತರ ಕರ್ನಾಟಕದಲ್ಲಿ ಹಳೆಯದು. ಕೂಲಿ ಕೊಟ್ಟು ಹೊಲಿಸಿದ್ದು ಮನೆಯ ಕೊಡುಗೆಯೇ ಎಂಬ ಪ್ರಶ್ನೆಗೆ ಸುಲಭದ ಉತ್ತರ, ಬಟ್ಟೆ ಮನೆಯದಲ್ಲವೇ ಎಂಬುದು. ಅದು ಸಾಲದು. ಬಟ್ಟೆಯಲ್ಲಿ ಉಟ್ಟವರಿದ್ದರೆ ಹೊಲಿಗೆಯಲ್ಲಿ ಹೊಲಿದವಳಿದ್ದಾಳೆ, ಮತ್ತು ಅವಳ ಹೆಸರನ್ನು ಯಾರೂ ಹೇಳುವುದಿಲ್ಲ. ಧರ್ಮದಿಂದ ಗಳಿಸಿದ ವಸ್ತು ದಾನದ ಅಂಗ ಎಂದ ಮೇಲೆ, ಅವಳಿಗೆ ತಕ್ಕ ಕೂಲಿ ಮುಟ್ಟದ ಕೌದಿಯಲ್ಲಿ ಆ ಅಂಗವೇ ಊನ. ಈಗ ನಗರದ ಅಂಗಡಿಗಳಲ್ಲಿಯೂ ಕೌದಿ ಮಾರಾಟಕ್ಕಿದೆ; ಅಲ್ಲಿಗೂ ಈ ಮಾತು ಅನ್ವಯಿಸುತ್ತದೆ. ಹೊಲಿಗೆ ಅಂಚಿನಿಂದ ಆರಂಭವಾಗಿ ಸುತ್ತುತ್ತ ನಡುವಿಗೆ ಬಂದು ಮುಗಿಯುತ್ತದೆ. ಕೌದಿಯ ನಡುವನ್ನು ಮುಚ್ಚುವ ಮೊದಲು ರೊಟ್ಟಿಯ ಚೂರೋ ಸಿಹಿಯೋ ಇಟ್ಟು ಹೊಟ್ಟೆ ತುಂಬಿಸುವ ಪದ್ಧತಿ ಕೆಲವರಲ್ಲಿದೆ. ಕೃಷ್ಣೆಯ ಆಚೆಯ ಮರಾಠಿ ನಾಡಿನ ಗೋಧಡಿ ಹೊಲಿಯುವವರಲ್ಲಿಯೂ ಇಂಥದೇ ಆಚಾರ ಉಂಟು. ಹಸಿದ ಹೊದಿಕೆಯನ್ನು ಹೊದ್ದವರ ಮನೆ ಹಸಿಯುತ್ತದೆ ಎಂಬ ಭಾವ ಅದರ ಹಿಂದಿನದು. ವಸ್ತುವಿಗೂ ಉಣಿಸಿ ಕೊಡಬೇಕೆಂದವರು ಹೊಲಿದವಳನ್ನು ಉಪವಾಸ ಕಳಿಸುವಂತಿಲ್ಲ.

ಕೊನೆಯ ತೊಡಕು ಸಾವಿನದು. ಸತ್ತವರ ಬಟ್ಟೆ ಮೈಲಿಗೆ ಎಂಬ ಭಾವನೆ ವ್ಯಾಪಕವಾದದ್ದು. ಕೊನೆಯುಸಿರಿನ ಹೊತ್ತಿಗೆ ಮೈಮೇಲಿದ್ದದ್ದನ್ನು ಹಲವು ಕಡೆ ಸುಡುತ್ತಾರೆ, ಹೊಳೆಗೆ ಬಿಡುತ್ತಾರೆ, ಇಲ್ಲವೇ ಬೇರೆಯವರಿಗೆ ಕೊಟ್ಟುಬಿಡುತ್ತಾರೆ. ಮಿತಾಕ್ಷರಾ ಇಲ್ಲಿಯೂ ನಿಯಮ ಕೊಡುತ್ತದೆ. ಪಾಲಾಗದ ಆಸ್ತಿಯ ಪಟ್ಟಿಯಲ್ಲಿ ಬಟ್ಟೆಯನ್ನು ಸೇರಿಸಿದ ಮನುವಿನ ಮಾತನ್ನು ವಿವರಿಸುತ್ತ, ಯಾರು ಉಟ್ಟದ್ದು ಅವರದೇ ಎಂದು ವಿಜ್ಞಾನೇಶ್ವರ ಹೇಳುತ್ತಾನೆ. ತಂದೆ ಉಟ್ಟ ಬಟ್ಟೆ, ಮಲಗಿದ ಹಾಸಿಗೆ ಅವನ ಕಾಲಾನಂತರ ಶ್ರಾದ್ಧದ ಊಟ ಮಾಡುವವನಿಗೆ ಸಲ್ಲಬೇಕೆಂಬ ಬೃಹಸ್ಪತಿ ವಚನವನ್ನು ಅದಕ್ಕೆ ಆಧಾರವಾಗಿ ಕೊಡುತ್ತಾನೆ. ಮಕ್ಕಳು ಹಂಚಿಕೊಳ್ಳುವಂತಿಲ್ಲ, ಮನೆಯಲ್ಲಿಯೂ ಉಳಿಯುವಂತಿಲ್ಲ. ಇದರ ಹಿಂದಿರುವ ಎಚ್ಚರ ಅರ್ಥವಾಗುವಂಥದ್ದು: ಸತ್ತವರು ಹೋಗಬೇಕು, ಬದುಕಿದವರು ಅವರ ವಸ್ತುಗಳಿಗಾಗಿ ಜಗಳಾಡಬಾರದು.

ಕೌದಿ ಹೊಲಿಯುವ ಮನೆಗಳು ಇದರಲ್ಲಿ ಅರ್ಧವನ್ನು ಒಪ್ಪಿ ಅರ್ಧವನ್ನು ತಿದ್ದಿಕೊಂಡಿವೆ. ಕೊನೆಯ ದಿನದ ಬಟ್ಟೆ ಹೊರಗೆ ಹೋಗುತ್ತದೆ. ಪೆಟ್ಟಿಗೆಯಲ್ಲಿ ಉಳಿದ ಸೀರೆಗಳನ್ನು ಸೂತಕ ಕಳೆದ ಮೇಲೆ ಒಗೆದು, ಹರಿದು, ಬೇರೆ ಬಟ್ಟೆಗಳ ಜೊತೆ ಹಾಸಿ ಹೊಲಿಯುತ್ತಾರೆ. ಹರಿದ ಮೇಲೆ ಅದು ಸತ್ತವಳ ಸೀರೆಯಾಗಿ ಉಳಿಯುವುದಿಲ್ಲ, ಉಡಲು ಬಾರದು, ಪಾಲು ಕೇಳಲೂ ಬಾರದು. ಇಬ್ಬರು ಮಗಳಂದಿರಿದ್ದರೆ ಎರಡು ಕೌದಿಯಾಗುತ್ತದೆ, ಎರಡರಲ್ಲೂ ಒಂದೇ ದಡಿ ಇರುತ್ತದೆ. ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಬೀಳಗಿ ತಾಲ್ಲೂಕಿನ ಹಲವು ಊರುಗಳು ಮುಳುಗಿ ಜನ ಪುನರ್ವಸತಿ ಕೇಂದ್ರಗಳಿಗೆ ಬಂದಾಗ ಮನೆ, ಹೊಲಗಳಿಗೆ ಪರಿಹಾರದ ಲೆಕ್ಕ ಬಂತು. ಹಿರಿಯರ ಬಟ್ಟೆಯ ಗಂಟು ಯಾವ ಲೆಕ್ಕಕ್ಕೂ ಸೇರುವಂಥದ್ದಲ್ಲ. ಕೌದಿಯೂ ಕಡೆಗೆ ಹರಿಯುತ್ತದೆ. ಆಗ ಅದು ಮೊದಲು ಹಾಸಿಗೆಯ ಕೆಳಗಿನ ಹಾಸು, ಆಮೇಲೆ ಹೊಸ ಕೌದಿಯ ಒಳಪದರ. ಮೇಲಿನ ಬಣ್ಣದ ತುಂಡುಗಳ ಕೆಳಗೆ ಎರಡು ತಲೆಮಾರಿನ ಹಿಂದಿನ ಬಟ್ಟೆ ಕಣ್ಣಿಗೆ ಬೀಳದಂತೆ ಇರುತ್ತದೆ, ಯಾರದೆಂದು ಗುರುತು ಹಿಡಿಯುವವರೂ ಆಗ ಇರುವುದಿಲ್ಲ. ಮೀಮಾಂಸಕರು ಬಯಸಿದ ಒಡೆತನದ ಪೂರ್ತಿ ನಿವೃತ್ತಿ ಆ ಹೊತ್ತಿಗೆ ತಾನಾಗಿ ನಡೆದಿರುತ್ತದೆ, ಸಂಕಲ್ಪವಿಲ್ಲದೆ, ನೀರು ಬಿಡದೆ, ಬಳಕೆಯಿಂದಲೇ.